ತರ್ಕದ ಪ್ರಶ್ನೆಗಳು: ‘ಅಂತೆ’ ಹಚ್ಚಿ ಓದಿ ನೋಡಿ



ಕಳೆದ ಎರಡು ವರ್ಷಗಳಿಂದ ನಮ್ಮ ಕೂಟದ ಕೆಲವರು ಶನಿವಾರ ಮಧ್ಯಾಹ್ನ ಊರಿನ ಗ್ರಂಥಾಲಯದ ಕೋಣೆಯೊಂದರಲ್ಲಿ ಸೇರಿ ಇಲ್ಲಿನ ಪ್ರವೇಶ ಪರೀಕ್ಷೆಗಳಿಗೆ ಓದುತ್ತಿದ್ದೇವೆ. ಎಂ.ಬಿ.ಎ. ಸೇರಲು ಜಿಮ್ಯಾಟ್ ಬರೆಯುವವರಿದ್ದಾರೆ, ಲಾ ಸ್ಕೂಲಿಗೆಂದು ಎಲ್‌ಸ್ಯಾಟ್ ಬರೆಯುವ ನಮ್ಮ ಮಕ್ಕಳೂ ಇದ್ದಾರೆ. ಅಲ್ಲಿ ತರ್ಕದ ಭಾಗ, ಅಂದರೆ ಕ್ರಿಟಿಕಲ್ ರೀಸನಿಂಗ್, ನನ್ನ ಪಾಲಿಗೆ ಬಂದಿದೆ. ಶನಿವಾರ ಬರಲಾಗದವರು ‘ಬರೆದು ಕಳಿಸಿ’ ಎಂದು ಕೇಳಿದ್ದರಿಂದ ಈ ಪಾಠ. ಒಂದು ಹಾಳೆ, ಪೆನ್ಸಿಲ್ ಹತ್ತಿರ ಇಟ್ಟುಕೊಂಡು ಓದಿದರೆ ಒಳ್ಳೆಯದು.

ಈ ಭಾಗಕ್ಕೆ ಈಗ ಯಾಕೆ ಇಷ್ಟು ತೂಕ?

2023ರ ನವೆಂಬರ್‌ನಲ್ಲಿ ಜಿಮ್ಯಾಟ್ ಹೊಸ ರೂಪ ತಾಳಿತು. 2024ರ ಜನವರಿ ಕೊನೆಗೆ ಹಳೆಯದು ನಿಂತುಹೋಯಿತು. ವಾಕ್ಯದ ವ್ಯಾಕರಣ ತಿದ್ದುವ ಪ್ರಶ್ನೆಗಳನ್ನು ಪೂರ್ತಿ ತೆಗೆದುಹಾಕಿದ್ದಾರೆ. ಈಗ ವರ್ಬಲ್ ಭಾಗದಲ್ಲಿ ಉಳಿದಿರುವುದು ಎರಡೇ: ಗದ್ಯಭಾಗ ಓದಿ ಉತ್ತರಿಸುವುದು ಮತ್ತು ತರ್ಕ. 23 ಪ್ರಶ್ನೆ, 45 ನಿಮಿಷ. ಒಂದೊಂದಕ್ಕೆ ಎರಡು ನಿಮಿಷವೂ ಪೂರ್ತಿ ಸಿಗುವುದಿಲ್ಲ. ಎಲ್‌ಸ್ಯಾಟ್‌ನಲ್ಲೂ 2024ರ ಆಗಸ್ಟ್‌ನಿಂದ ‘ಲಾಜಿಕ್ ಗೇಮ್ಸ್’ ಇಲ್ಲ. ಅಂಕ ಸಿಗುವ ಮೂರು ವಿಭಾಗಗಳಲ್ಲಿ ಎರಡು ತರ್ಕದವೇ. ಅಂದರೆ ವ್ಯಾಕರಣದ ಗೈಡ್ ಉರುಹೊಡೆದು ಅಂಕ ಕೂಡಿಸಿಕೊಳ್ಳುವ ಕಾಲ ಹೋಯಿತು.

ನಮ್ಮ ತರಗತಿಗೆ ಬರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೆಣ್ಣುಮಕ್ಕಳು. ಊರಿನಲ್ಲಿ ಬಿ.ಇ., ಬಿ.ಕಾಂ. ಮುಗಿಸಿ, ಮದುವೆಯಾಗಿ ಎಚ್-4 ವೀಸಾದಲ್ಲಿ ಬಂದು, ಮಕ್ಕಳನ್ನು ಶಾಲೆಗೆ ಹಚ್ಚುವ ಹೊತ್ತಿಗೆ ಹತ್ತು ವರ್ಷ ಕಳೆದುಬಿಟ್ಟವರು. ಎಚ್-4ರಲ್ಲಿ ಓದಲು ಅಡ್ಡಿಯಿಲ್ಲ. ಅಡ್ಡಿಯಾಗುವುದು ಈ ಪರೀಕ್ಷೆಯ ಭಯ. ಹಲವರು ಏಳನೆಯ ತರಗತಿಯವರೆಗೆ, ಕೆಲವರು ಹತ್ತರವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದವರು. ಗಣಿತದಲ್ಲಿ ಯಾರಿಗೂ ಕಮ್ಮಿಯಿಲ್ಲ. ತರ್ಕದ ಪ್ರಶ್ನೆ ಬಂದಾಗ ಮಾತ್ರ ‘ನನ್ನ ಇಂಗ್ಲಿಷ್ ಸಾಲದು ಸಾರ್’ ಎನ್ನುತ್ತಾರೆ. ಇಲ್ಲೇ ಹುಟ್ಟಿ ಇಂಗ್ಲಿಷಿನಲ್ಲೇ ಬೆಳೆದ ನಮ್ಮ ಮಕ್ಕಳೂ ಅದೇ ಪ್ರಶ್ನೆಯಲ್ಲಿ ಅದೇ ತಪ್ಪು ಉತ್ತರಕ್ಕೆ ಗುರುತು ಹಾಕುವುದನ್ನು ನಾನು ವಾರವಾರವೂ ನೋಡುತ್ತೇನೆ. ಆದ್ದರಿಂದ ತೊಂದರೆ ಇಂಗ್ಲಿಷಿನದ್ದಲ್ಲ. ವಾದದಲ್ಲಿರುವ ಖಾಲಿ ಜಾಗವನ್ನು ನಮಗೇ ತಿಳಿಯದಂತೆ ನಾವು ತುಂಬಿಬಿಡುತ್ತೇವೆ, ತೊಂದರೆ ಅಲ್ಲಿದೆ.

ಮೂರು ಪ್ರಶ್ನೆಗಳ ಪದ್ಧತಿ

ಕನ್ನಡದಲ್ಲಿ ನಮಗೊಂದು ಒಳ್ಳೆಯ ಸಾಧನ ಇದೆ: ‘ಅಂತೆ’. ‘ಮಳೆ ಬರುತ್ತೆ’ ಎಂದರೆ ಹೊಣೆ ನನ್ನದು. ‘ಮಳೆ ಬರುತ್ತಂತೆ’ ಎಂದರೆ ಹೇಳಿದವರು ಬೇರೆ, ನಾನಿನ್ನೂ ಒಪ್ಪಿಲ್ಲ. ಒಂದೇ ಪ್ರತ್ಯಯದಲ್ಲಿ ಮಾತಿಗೂ ನನಗೂ ಒಂದು ಮೊಳ ದೂರ ಸಿಕ್ಕಿತು. ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಓದಿ, ಮನಸ್ಸಿನಲ್ಲಿ ಕನ್ನಡದಲ್ಲಿ ಹೀಗೆ ಕೇಳಿಕೊಳ್ಳಿ:

1. ಏನಂತೆ? (ಲೇಖಕ ಕೊನೆಗೆ ಒಪ್ಪಿಸಲು ಹೊರಟಿರುವುದು ಏನು? ಇದು ತೀರ್ಮಾನ.)
2. ಯಾಕಂತೆ? (ಅದಕ್ಕೆ ಕೊಟ್ಟಿರುವ ಆಧಾರ ಏನು?)
3. ಇಷ್ಟರಿಂದ ಅಷ್ಟು ಬಂತೇ? (ಆಧಾರದಿಂದ ತೀರ್ಮಾನಕ್ಕೆ ಹೋಗುವ ದಾರಿಯಲ್ಲಿ ಹಳ್ಳ ಎಲ್ಲಿದೆ?)

ಒಂದು ನಿಯಮ ನೆನಪಿಡಿ. ಕೊಟ್ಟಿರುವ ಆಧಾರವನ್ನು ನಿಜವೆಂದೇ ಒಪ್ಪಬೇಕು, ಅದರ ಜೊತೆ ಜಗಳ ಬೇಡ. ‘ಅಂತೆ’ ಹಚ್ಚಬೇಕಾದದ್ದು ತೀರ್ಮಾನಕ್ಕೆ ಮಾತ್ರ.

ಇದೇನೂ ಹೊಸ ವಿದ್ಯೆಯಲ್ಲ. ನಮ್ಮ ನ್ಯಾಯಶಾಸ್ತ್ರದ ಹಳೆಯ ಉದಾಹರಣೆ ಕೇಳಿರುತ್ತೀರಿ. ಬೆಟ್ಟದಲ್ಲಿ ಬೆಂಕಿ ಇದೆ: ಇದು ಪ್ರತಿಜ್ಞೆ. ಹೊಗೆ ಕಾಣುತ್ತಿರುವುದರಿಂದ: ಇದು ಹೇತು. ಎರಡನ್ನೂ ಕಟ್ಟಿಹಾಕುವ ಹಗ್ಗ ‘ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ, ಅಡುಗೆಮನೆಯಲ್ಲಿರುವ ಹಾಗೆ’ ಎಂಬ ವ್ಯಾಪ್ತಿ. ನೈಯಾಯಿಕರು ಈ ವ್ಯಾಪ್ತಿಯನ್ನು ಬಾಯಿಬಿಟ್ಟು ಹೇಳು ಎನ್ನುತ್ತಾರೆ. ಜಿಮ್ಯಾಟ್‌ನವರು ಅದನ್ನು ಬಚ್ಚಿಟ್ಟು, ಹುಡುಕು ಎನ್ನುತ್ತಾರೆ. ಪರೀಕ್ಷೆಯ ಭಾಷೆಯಲ್ಲಿ ಅಸಂಪ್ಷನ್ ಎನ್ನುವುದು ಈ ವ್ಯಾಪ್ತಿಯ ಹತ್ತಿರದ ನೆಂಟ.

ಇನ್ನು ಲೆಕ್ಕಕ್ಕೆ ಇಳಿಯೋಣ. ಕೆಳಗಿನ ಪ್ರಶ್ನೆಗಳಲ್ಲಿ ಬರ್ಕ್ಲಿಯದೊಂದು ಬಿಟ್ಟು ಉಳಿದವು ತರಗತಿಗಾಗಿ ನಾನೇ ಹೆಣೆದವು.

ಮೊದಲ ಪ್ರಶ್ನೆ: ಕಾಗೆ ಮತ್ತು ಕೊಂಬೆ

ಒಂದು ಕನ್ನಡ ಶಾಲೆ ತನ್ನ ತರಗತಿಯನ್ನು ಭಾನುವಾರ ಬೆಳಗ್ಗೆಯಿಂದ ಶನಿವಾರ ಸಂಜೆಗೆ ಬದಲಾಯಿಸಿತು. ಅದಕ್ಕೆ ಮೊದಲು ಸರಾಸರಿ 20 ಮಕ್ಕಳು ಬರುತ್ತಿದ್ದರು, ಆಮೇಲೆ 28. ಆದ್ದರಿಂದ ಶನಿವಾರ ಸಂಜೆಯೇ ಕುಟುಂಬಗಳಿಗೆ ಹೆಚ್ಚು ಅನುಕೂಲ.

ಈ ವಾದವನ್ನು ಹೆಚ್ಚು ದುರ್ಬಲಗೊಳಿಸುವುದು ಯಾವುದು?

ಅ) ಕೆಲವು ಪೋಷಕರಿಗೆ ಭಾನುವಾರವೇ ಇಷ್ಟವಾಗಿತ್ತು.
ಆ) ಕಲಿಸುವವರಿಗೆ ಶನಿವಾರ ಸಂಜೆ ಕಷ್ಟ.
ಇ) ಅದೇ ತಿಂಗಳು ಪಕ್ಕದ ಊರಿನ ಕನ್ನಡ ಶಾಲೆ ಮುಚ್ಚಿ, ಅಲ್ಲಿನ ಹಲವು ಮಕ್ಕಳು ಇಲ್ಲಿಗೆ ಸೇರಿದರು.
ಈ) ಶನಿವಾರ ನಡೆಯುವ ಬೇರೆ ಭಾಷಾ ಶಾಲೆಗಳಿಗೂ ಚೆನ್ನಾಗಿ ಮಕ್ಕಳು ಬರುತ್ತಾರೆ.
ಉ) ತರಗತಿಯ ಅವಧಿ ಮೊದಲಿನಷ್ಟೇ ಇದೆ.

ಏನಂತೆ? ಶನಿವಾರ ಅನುಕೂಲವಂತೆ. ಯಾಕಂತೆ? ಹೊತ್ತು ಬದಲಾದ ಮೇಲೆ ಮಕ್ಕಳು ಹೆಚ್ಚಾದರಂತೆ. ಇಷ್ಟರಿಂದ ಅಷ್ಟು ಬಂತೇ? ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದದ್ದು ಇದನ್ನೇ. ಕೊಂಬೆ ಮುರಿಯಲು ಬೇರೆ ಕಾರಣ ಇತ್ತು ಎಂದು ತೋರಿಸಿದರೆ ಕಾಗೆಯ ಮೇಲಿನ ಆರೋಪ ಸಡಿಲವಾಗುತ್ತದೆ. ಉತ್ತರ ‘ಇ’. ‘ಅ’ದಲ್ಲಿರುವ ‘ಕೆಲವು’ ಎಂಬ ಪದವನ್ನು ಗಮನಿಸಿ: ಇಬ್ಬರಿಗೆ ಭಾನುವಾರ ಇಷ್ಟವಿದ್ದರೂ ಉಳಿದವರಿಗೆಲ್ಲ ಶನಿವಾರ ಅನುಕೂಲವಾಗಿರಬಹುದು. ‘ಆ’ ನಿಜವಿರಬಹುದು, ಆದರೆ ತೀರ್ಮಾನ ಕುಟುಂಬಗಳ ಬಗ್ಗೆಯೇ ಹೊರತು ಕಲಿಸುವವರ ಬಗ್ಗೆ ಅಲ್ಲ.

ಎರಡನೆಯ ಪ್ರಶ್ನೆ: ಉಲ್ಟಾ ಮಾಡಿ ನೋಡುವುದು

ತಡವಾದ ಪುಸ್ತಕ ಇಟ್ಟುಕೊಂಡಿರುವ ಹಲವರು ದಂಡ ಕಟ್ಟಬೇಕಾದೀತೆಂಬ ಭಯಕ್ಕೆ ಅದನ್ನು ಗ್ರಂಥಾಲಯಕ್ಕೆ ತರುತ್ತಿಲ್ಲ. ದಂಡ ಇಲ್ಲವಾದರೆ ಅವರು ತಂದುಕೊಡುತ್ತಾರೆ. ಆದ್ದರಿಂದ ದಂಡವನ್ನು ತೆಗೆದುಹಾಕಿದರೆ ಗಡುವು ಮೀರಿ ಹೊರಗೆ ಉಳಿದಿರುವ ಪುಸ್ತಕಗಳ ಸಂಖ್ಯೆ ಕಡಿಮೆಯಾಗುತ್ತದೆ.

ಈ ವಾದ ಯಾವ ಊಹೆಯ ಮೇಲೆ ನಿಂತಿದೆ?

ಅ) ಪುಸ್ತಕಗಳು ಹೊರಗೇ ಉಳಿಯಲು ದಂಡದ ಭಯವೊಂದೇ ಕಾರಣ.
ಆ) ದಂಡದ ಹಣ ಗ್ರಂಥಾಲಯಕ್ಕೆ ದೊಡ್ಡ ಆದಾಯವೇನಲ್ಲ.
ಇ) ಈಗ ಸಮಯಕ್ಕೆ ಸರಿಯಾಗಿ ತಂದುಕೊಡುವವರು, ದಂಡ ಹೋದ ಮೇಲೆ ತಡಮಾಡಲು ಶುರುಮಾಡಿ, ಮರಳಿ ಬಂದಷ್ಟೇ ಅಥವಾ ಅದಕ್ಕಿಂತ ಹೆಚ್ಚು ಪುಸ್ತಕಗಳನ್ನು ಇಟ್ಟುಕೊಳ್ಳುವುದಿಲ್ಲ.
ಈ) ದಂಡ ತೆಗೆಯುವುದು ಬಡ ಓದುಗರಿಗೆ ನ್ಯಾಯ ಒದಗಿಸುತ್ತದೆ.
ಉ) ಬೇರೆ ಊರುಗಳ ಗ್ರಂಥಾಲಯಗಳೂ ದಂಡ ತೆಗೆದಿವೆ.

ನಮ್ಮ ತರಗತಿಯಲ್ಲಿ ಹೆಚ್ಚು ಮತ ಬಿದ್ದದ್ದು ‘ಅ’ ಮತ್ತು ‘ಈ’ಗೆ. ‘ಉ’ ಎಂದವರೂ ಇದ್ದರು. ಶಿಕಾಗೊ ಸಾರ್ವಜನಿಕ ಗ್ರಂಥಾಲಯ 2019ರಲ್ಲಿ, ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ 2021ರಲ್ಲಿ ತಡವಾದ ದಂಡವನ್ನು ನಿಲ್ಲಿಸಿದವು. ಓದಿಕೊಂಡವರಿಗೆ ಇದು ಗೊತ್ತು. ಗೊತ್ತಿರುವುದೇ ಇಲ್ಲಿ ಕಾಲಿಗೆ ತೊಡರುತ್ತದೆ! ‘ನಿಜವೇ?’ ‘ಒಳ್ಳೆಯದೇ?’ ಎಂದು ಪರೀಕ್ಷೆ ಕೇಳುತ್ತಿಲ್ಲ. ‘ಈ ವಾದ ನಿಲ್ಲಲು ಇದು ಬೇಕೇಬೇಕೇ?’ ಎಂದಷ್ಟೇ ಕೇಳುತ್ತಿದೆ.

ಬೇಕೇಬೇಕೋ ಎಂದು ನೋಡುವ ವಿಧಾನ ಸುಲಭ. ಆಯ್ಕೆಯನ್ನು ಉಲ್ಟಾ ಮಾಡಿ, ವಾದಕ್ಕೆ ಹಚ್ಚಿ ನೋಡಿ. ಕುಸಿದರೆ ಅದೇ ಉತ್ತರ.

‘ಇ’ಯನ್ನು ಉಲ್ಟಾ ಮಾಡಿ: ಸಮಯಕ್ಕೆ ತರುತ್ತಿದ್ದವರು ತಡಮಾಡಲು ಶುರುಮಾಡಿ, ಮರಳಿ ಬಂದಷ್ಟೇ ಅಥವಾ ಹೆಚ್ಚು ಪುಸ್ತಕ ಇಟ್ಟುಕೊಳ್ಳುತ್ತಾರೆ. ಹಾಗಾದರೆ ಹೊರಗಿರುವ ಸಂಖ್ಯೆ ಇಳಿಯಲೇ ಇಲ್ಲ. ವಾದ ಕುಸಿಯಿತು, ಉತ್ತರ ಸಿಕ್ಕಿತು.

‘ಅ’ವನ್ನು ಉಲ್ಟಾ ಮಾಡಿ: ಭಯದ ಜೊತೆ ಮರೆವು, ಸೋಮಾರಿತನ ಇತ್ಯಾದಿ ಕಾರಣಗಳೂ ಇವೆ. ಇರಲಿ ಬಿಡಿ. ಭಯದಿಂದ ತರದವರು ತಂದರೂ ಸಂಖ್ಯೆ ಇಳಿಯಬಹುದಲ್ಲ? ವಾದ ಅಲುಗಾಡಲಿಲ್ಲ. ‘ಒಂದೇ’, ‘ಮಾತ್ರ’, ‘ಎಂದಿಗೂ’, ‘ಎಲ್ಲಾ’ ಎಂಬ ಪದಗಳು ಆಯ್ಕೆಯಲ್ಲಿ ಕಂಡರೆ ಸ್ವಲ್ಪ ತಡೆಯಿರಿ. ವಾದಕ್ಕೆ ಒಂದು ಊರುಗೋಲು ಸಾಕಾಗಿರುವಾಗ ಅವು ಕಲ್ಲಿನ ಕಂಬ ತಂದು ನಿಲ್ಲಿಸುತ್ತವೆ.

ಮೂರನೆಯ ಪ್ರಶ್ನೆ: ಬರ್ಕ್ಲಿಯ ಲೆಕ್ಕ

ಇದು ಪ್ರವೇಶದ ವಿಷಯವೇ ಆದ್ದರಿಂದ ನಮಗೆಲ್ಲ ಹತ್ತಿರದ್ದು. 1973ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದಲ್ಲಿ ಸ್ನಾತಕೋತ್ತರ ಓದಿಗೆ 8442 ಗಂಡಸರು ಅರ್ಜಿ ಹಾಕಿದ್ದರು. ಶೇಕಡಾ 44 ಮಂದಿಗೆ ಪ್ರವೇಶ ಸಿಕ್ಕಿತು. 4321 ಹೆಂಗಸರು ಅರ್ಜಿ ಹಾಕಿದ್ದರು. ಶೇಕಡಾ 35 ಮಂದಿಗೆ ಸಿಕ್ಕಿತು. ಆದ್ದರಿಂದ ಅಲ್ಲಿನ ವಿಭಾಗಗಳು ಅರ್ಜಿಗಳನ್ನು ಆರಿಸುವಾಗ ಹೆಂಗಸರಿಗೆ ಪಕ್ಷಪಾತ ಮಾಡಿವೆ.

ಪ್ರಶ್ನೆ: ಈ ವಾದವನ್ನು ತೂಗಿ ನೋಡಲು ಏನು ತಿಳಿದರೆ ಹೆಚ್ಚು ಉಪಯೋಗ? ಮುಂದೆ ಓದುವ ಮೊದಲು ಒಂದು ನಿಮಿಷ ಯೋಚಿಸಿ.

ಆಧಾರ ಇಡೀ ವಿಶ್ವವಿದ್ಯಾಲಯದ ಬಗ್ಗೆ ಇದೆ, ತೀರ್ಮಾನ ಒಂದೊಂದು ವಿಭಾಗದ ಬಗ್ಗೆ. ಹಳ್ಳ ಇರುವುದು ಅಲ್ಲೇ. ಕೇಳಬೇಕಾದ ಪ್ರಶ್ನೆ: ಗಂಡಸರು, ಹೆಂಗಸರು ಒಂದೇ ಪ್ರಮಾಣದಲ್ಲಿ ಒಂದೇ ವಿಭಾಗಗಳಿಗೆ ಅರ್ಜಿ ಹಾಕಿದ್ದರೇ?

ಹಾಕಿರಲಿಲ್ಲ. ಪೀಟರ್ ಬಿಕೆಲ್ ಮತ್ತು ಸಂಗಡಿಗರು 1975ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ಬಿಡಿಸಿ ತೋರಿಸಿದರು. ದೊಡ್ಡ ಆರು ವಿಭಾಗಗಳಲ್ಲಿ ಎರಡನ್ನು ನೋಡಿ. ಸುಲಭವಾಗಿ ಪ್ರವೇಶ ಸಿಗುತ್ತಿದ್ದ ಒಂದು ವಿಭಾಗಕ್ಕೆ 825 ಗಂಡಸರು, 108 ಹೆಂಗಸರು ಅರ್ಜಿ ಹಾಕಿದ್ದರು. ಗಂಡಸರಲ್ಲಿ ಶೇಕಡಾ 62, ಹೆಂಗಸರಲ್ಲಿ ಶೇಕಡಾ 82 ಮಂದಿಗೆ ಸಿಕ್ಕಿತು. ಬಹಳ ಕಠಿಣವಾದ ಇನ್ನೊಂದಕ್ಕೆ 373 ಗಂಡಸರು, 341 ಹೆಂಗಸರು. ಸಿಕ್ಕಿದ್ದು ಕ್ರಮವಾಗಿ ಶೇಕಡಾ 6 ಮತ್ತು 7. ಎರಡರಲ್ಲೂ ಹೆಂಗಸರೇ ಮುಂದು. ಆದರೂ ಒಟ್ಟು ಲೆಕ್ಕದಲ್ಲಿ ಹಿಂದೆ ಬಿದ್ದರು. ಕಾರಣ, ಅವರ ಅರ್ಜಿಗಳು ಹೆಚ್ಚಾಗಿ ಹೋದದ್ದು ಬಾಗಿಲು ಕಿರಿದಾದ ವಿಭಾಗಗಳಿಗೆ.

ಈ ಪಾಠ ಮಾಡಿದ ದಿನ ಒಬ್ಬ ಸೋದರಿ ಕೇಳಿದರು: ‘ಹಾಗಾದರೆ ಹೆಂಗಸರಿಗೆ ಅನ್ಯಾಯ ಆಗಲೇ ಇಲ್ಲ ಅಂತೀರಾ?’ ಬಹಳ ಒಳ್ಳೆಯ ಪ್ರಶ್ನೆ. ಬಿದ್ದದ್ದು ವಾದ, ಅಷ್ಟಕ್ಕೇ ಅನ್ಯಾಯ ಎಲ್ಲಿಯೂ ಇಲ್ಲ ಎಂದು ಸಾಬೀತಾಗುವುದಿಲ್ಲ. ಹೆಣ್ಣುಮಕ್ಕಳು ಬೆಳೆದ ರೀತಿ, ಅವರಿಗೆ ಸಿಕ್ಕ ಶಿಕ್ಷಣ ಅವರನ್ನು ಇಕ್ಕಟ್ಟಾದ, ಹಣದ ನೆರವು ಕಡಿಮೆ ಇರುವ ವಿಷಯಗಳ ಕಡೆಗೆ ತಳ್ಳಿದೆ ಎಂದು ಆ ಲೇಖಕರೇ ಹೇಳಿದ್ದರು. ಅಂದರೆ ಅನ್ಯಾಯದ ಜಾಗ ಪ್ರವೇಶ ಸಮಿತಿಯ ಮೇಜಿಗಿಂತ ಬಹಳ ಹಿಂದೆ ಇತ್ತು. ತಪ್ಪು ಜಾಗದಲ್ಲಿ ಹುಡುಕಿದರೆ ಸರಿಯಾದ ಜಾಗ ಕಣ್ಣಿಗೆ ಬೀಳುವುದಿಲ್ಲ. ಒಂದು ವಾದವನ್ನು ‘ದುರ್ಬಲಗೊಳಿಸುವುದು’ ಎಂದರೆ ಅದರ ತೀರ್ಮಾನವನ್ನು ‘ಸುಳ್ಳು ಮಾಡುವುದು’ ಎಂದಲ್ಲ. ಕಠಿಣ ಪ್ರಶ್ನೆಗಳಲ್ಲಿ ಈ ವ್ಯತ್ಯಾಸಕ್ಕೇ ಅಂಕ ಇರುವುದು.

ನಾಲ್ಕನೆಯ ಪ್ರಶ್ನೆ: ಬೆಳ್ಳಗಿರುವುದೆಲ್ಲ ಹಾಲಲ್ಲ

ಒಂದು ಕೂಟದ ರಾಜ್ಯೋತ್ಸವಕ್ಕೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಯುಗಾದಿಗೂ ಬಂದಿದ್ದರು. ರಾಜ್ಯೋತ್ಸವಕ್ಕೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೂಟದ ಸದಸ್ಯರಲ್ಲ.

ಇದರಿಂದ ಖಂಡಿತವಾಗಿ ಹೇಳಬಹುದಾದದ್ದು ಯಾವುದು?

ಅ) ಯುಗಾದಿಗೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸದಸ್ಯರಲ್ಲ.
ಆ) ಸದಸ್ಯರಿಗೆ ಕೂಟದ ಕಾರ್ಯಕ್ರಮಗಳಲ್ಲಿ ಆಸಕ್ತಿ ಕಡಿಮೆ.
ಇ) ಸದಸ್ಯರಲ್ಲದ ಒಬ್ಬರಾದರೂ ಎರಡೂ ಹಬ್ಬಗಳಿಗೆ ಬಂದಿದ್ದರು.
ಈ) ಸದಸ್ಯತ್ವದ ಶುಲ್ಕ ಇಳಿಸಿದರೆ ಇನ್ನಷ್ಟು ಮಂದಿ ಸದಸ್ಯರಾಗುತ್ತಾರೆ.
ಉ) ಯುಗಾದಿಗಿಂತ ರಾಜ್ಯೋತ್ಸವಕ್ಕೆ ಹೆಚ್ಚು ಮಂದಿ ಬಂದಿದ್ದರು.

ಇಲ್ಲಿ ವಾದವೇ ಇಲ್ಲ, ಇರುವುದೆಲ್ಲ ಆಧಾರ. ಹೀಗಾಗಿ ‘ಅಂತೆ’ಯನ್ನು ಆಯ್ಕೆಗಳಿಗೆ ಹಚ್ಚಿ ನೋಡಬೇಕು. ಸದಸ್ಯರಿಗೆ ಆಸಕ್ತಿ ಕಡಿಮೆಯಂತೆ! ಯಾರು ಹೇಳಿದರು? ಕೂಟದ ಸಮಿತಿಯಲ್ಲಿ ಕೆಲಸ ಮಾಡಿದವರೆಲ್ಲ ‘ಆ’ ಎಂದು ಕೈ ಎತ್ತುತ್ತಾರೆ. ಅದು ಅವರ ಅನುಭವದ ಮಾತು, ಕೊಟ್ಟಿರುವ ಎರಡು ವಾಕ್ಯಗಳ ಮಾತಲ್ಲ.

ಸಂಖ್ಯೆ ಇಟ್ಟು ನೋಡಿ. ರಾಜ್ಯೋತ್ಸವಕ್ಕೆ 100 ಜನ ಬಂದಿದ್ದರೆನ್ನಿ. ಯುಗಾದಿಗೂ ಬಂದವರು ಕನಿಷ್ಠ 51, ಸದಸ್ಯರಲ್ಲದವರು ಕನಿಷ್ಠ 51. ಕೂಡಿದರೆ 102. ಇರುವವರು ನೂರೇ ಜನ. ಆದ್ದರಿಂದ ಕನಿಷ್ಠ ಇಬ್ಬರಾದರೂ ಎರಡೂ ಪಟ್ಟಿಯಲ್ಲಿ ಇರಲೇಬೇಕು. ಉತ್ತರ ‘ಇ’.

‘ಅ’ ಯಾಕೆ ತಪ್ಪು? ಯುಗಾದಿಗೆ 1000 ಜನ ಬಂದಿರಬಹುದು, ಉಳಿದವರೆಲ್ಲ ಸದಸ್ಯರೇ ಇರಬಹುದು. ರಾಜ್ಯೋತ್ಸವದವರ ಬಗ್ಗೆ ಹೇಳಿದ್ದನ್ನು ಯುಗಾದಿಯವರ ಮೇಲೆ ತಿರುಗಿಸಿ ಹಾಕುವಂತಿಲ್ಲ. ಹಾಲು ಬೆಳ್ಳಗಿರುತ್ತದೆ, ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ನೈಯಾಯಿಕರು ಇದಕ್ಕೇ ಕಾದ ಕಬ್ಬಿಣದ ಗುಂಡನ್ನು ತೋರಿಸುತ್ತಾರೆ: ಹೊಗೆ ಇದ್ದಲ್ಲಿ ಬೆಂಕಿ ಇದೆ, ಆದರೆ ಆ ಗುಂಡಿನಲ್ಲಿ ಬೆಂಕಿ ಇದ್ದರೂ ಹೊಗೆ ಇಲ್ಲ. ಈ ಜಾತಿಯ ಪ್ರಶ್ನೆಯಲ್ಲಿ ಸರಿಯುತ್ತರ ಸಾಮಾನ್ಯವಾಗಿ ಸಪ್ಪೆಯಾಗಿರುತ್ತದೆ. ‘ಒಬ್ಬರಾದರೂ’, ‘ಇರಬಹುದು’, ‘ಎಲ್ಲವೂ ಅಲ್ಲ’ ಎಂಬಂಥ ಮಾತುಗಳಿರುತ್ತವೆ. ಮಸಾಲೆ ಹೆಚ್ಚಾದ ಆಯ್ಕೆಯನ್ನು ಎರಡು ಸಲ ನೋಡಿ.

ಅಭ್ಯಾಸ ಹೇಗೆ?

ಮೊದಲ ಮೂರು ವಾರ ಗಡಿಯಾರ ಬೇಡ. ದಿನಕ್ಕೆ ಆರು ಪ್ರಶ್ನೆ ಸಾಕು. ಆದರೆ ಪ್ರತಿಯೊಂದಕ್ಕೂ ನಾಲ್ಕು ತಪ್ಪು ಆಯ್ಕೆಗಳು ಯಾಕೆ ತಪ್ಪು ಎಂದು ಒಂದೊಂದು ಸಾಲು ಕನ್ನಡದಲ್ಲಿ ಬರೆಯಿರಿ. ಬರೆಯಲು ಬಾರದಿದ್ದರೆ, ಗುರುತು ಹಾಕಿದ ಉತ್ತರ ಸರಿಯಿದ್ದರೂ ಆ ಪ್ರಶ್ನೆ ನಿಮಗೆ ಅರ್ಥವಾಗಿಲ್ಲ ಎಂದೇ ತಿಳಿಯಿರಿ. ತಪ್ಪುಗಳಿಗೆ ಒಂದು ನೋಟ್‌ಬುಕ್ ಇಡಿ: ತೀರ್ಮಾನವನ್ನೇ ತಪ್ಪು ಗುರುತಿಸಿದೆನೋ, ನನ್ನ ಅಭಿಪ್ರಾಯ ಸೇರಿಸಿದೆನೋ, ‘ಕೆಲವು’, ‘ಹೆಚ್ಚಿನ’ ಎಂಬ ಪದ ಬಿಟ್ಟೆನೋ. ಒಂದು ತಿಂಗಳಲ್ಲಿ ನಿಮ್ಮ ಕಾಲು ಯಾವ ಹಳ್ಳದಲ್ಲಿ ಮತ್ತೆ ಮತ್ತೆ ಬೀಳುತ್ತದೆ ಎಂದು ತಿಳಿಯುತ್ತದೆ.

ಆಮೇಲೆ ಗಡಿಯಾರ ತನ್ನಿ. ಜಿಮ್ಯಾಟ್‌ನಲ್ಲಿ ಪ್ರಶ್ನೆ ಬಿಟ್ಟು ಮುಂದೆ ಹೋಗುವಂತಿಲ್ಲ. ಆದರೆ ವಿಭಾಗದ ಕೊನೆಯಲ್ಲಿ ಸಮಯ ಉಳಿದಿದ್ದರೆ, ಮೂರು ಉತ್ತರಗಳವರೆಗೆ ತಿದ್ದಿಕೊಳ್ಳಬಹುದು. ಹೀಗಾಗಿ ಎರಡೂವರೆ ನಿಮಿಷ ದಾಟಿದ ಪ್ರಶ್ನೆಯಲ್ಲಿ ಇರುವುದರಲ್ಲಿ ಒಳ್ಳೆಯದಕ್ಕೆ ಗುರುತು ಹಾಕಿ, ಬುಕ್‌ಮಾರ್ಕ್ ಮಾಡಿ ಮುಂದೆ ಸಾಗಿ. ಕೊನೆಯ ಪ್ರಶ್ನೆಗಳನ್ನು ಖಾಲಿ ಬಿಟ್ಟರೆ ಅಂಕ ಕಡಿತವಾಗುತ್ತದೆ, ಎಚ್ಚರ.

ಈ ವಿದ್ಯೆ ಪರೀಕ್ಷೆ ಮುಗಿದ ಮೇಲೂ ಕೈಬಿಡುವುದಿಲ್ಲ. ವೀಸಾ ನಿಯಮ ಬದಲಾಯಿತಂತೆ, ಇಂಥ ಕೋರ್ಸ್ ಮಾಡಿದರೆ ಕೆಲಸ ಗ್ಯಾರಂಟಿಯಂತೆ ಎಂದು ದಿನಕ್ಕೆ ಹತ್ತು ಸಂದೇಶ ನಮ್ಮ ಫೋನಿಗೆ ಬರುತ್ತವೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವಾಗಬಾರದು. ಅಂಥ ಒಂದು ‘ಅಂತೆ’ಯನ್ನು ನಂಬಿ ಮನೆಯ ಉಳಿತಾಯವನ್ನೋ ಮಕ್ಕಳ ಓದನ್ನೋ ಪಣಕ್ಕಿಡುವ ಮೊದಲು ‘ಯಾಕಂತೆ? ಇಷ್ಟರಿಂದ ಅಷ್ಟು ಬಂತೇ?’ ಎಂದು ಮನೆಮಂದಿಯೆಲ್ಲ ಕೂತು ಕೇಳಿಕೊಂಡರೆ ನಷ್ಟವೇನಿಲ್ಲ.

ಮನೆಗೆಲಸ

ಊಟದ ಮೇಜಿನಲ್ಲಿ ಮಕ್ಕಳೊಂದಿಗೆ ಇದನ್ನು ಬಿಡಿಸಿ. ‘ಒಂದು ಕಂಪನಿಯಲ್ಲಿ ನಡೆದುಕೊಂಡು ಕೆಲಸಕ್ಕೆ ಬರುವವರು, ಕಾರಿನಲ್ಲಿ ಬರುವವರಿಗಿಂತ ಕಡಿಮೆ ಸಿಕ್ ಲೀವ್ ತೆಗೆದುಕೊಳ್ಳುತ್ತಾರೆ. ಆದ್ದರಿಂದ ಎಲ್ಲರನ್ನೂ ನಡೆದು ಬರುವಂತೆ ಹುರಿದುಂಬಿಸಿದರೆ ಕಂಪನಿಯಲ್ಲಿ ಸಿಕ್ ಲೀವ್ ಕಡಿಮೆಯಾಗುತ್ತದೆ.’ ಈ ವಾದವನ್ನು ಹೆಚ್ಚು ದುರ್ಬಲಗೊಳಿಸುವುದು ಯಾವುದು?

ಅ) ಕಾರಿನಲ್ಲಿ ಬರುವವರ ಮನೆ ದೂರ.
ಆ) ಮೊದಲಿನಿಂದಲೂ ಆರೋಗ್ಯ ಚೆನ್ನಾಗಿರುವವರೇ ನಡೆದು ಬರುವುದನ್ನು ಆರಿಸಿಕೊಂಡಿದ್ದಾರೆ.
ಇ) ನಡೆಯುವುದು ಹೃದಯಕ್ಕೆ ಒಳ್ಳೆಯದು.

ಉತ್ತರ ‘ಆ’. ನಡಿಗೆಯಿಂದ ಆರೋಗ್ಯ ಬಂತೋ, ಆರೋಗ್ಯದಿಂದ ನಡಿಗೆ ಬಂತೋ? ದಿಕ್ಕೇ ತಿರುಗಿತು. ‘ಅ’ ದೂರದ ಮಾತಾಡುತ್ತದೆ: ಎಲ್ಲರೂ ನಡೆದು ಬರುವುದು ಕಷ್ಟ ಎನ್ನಬಹುದು, ನಡೆದರೆ ರಜೆ ಕಡಿಮೆಯಾಗುತ್ತದೋ ಇಲ್ಲವೋ ಎಂಬುದನ್ನು ಮುಟ್ಟುವುದಿಲ್ಲ. ‘ಇ’ ವಾದಕ್ಕೆ ಬಲವನ್ನೇ ಕೊಡುತ್ತದೆ.

ನೀವು ಸಿಕ್ಕಿಹಾಕಿಕೊಂಡ ಪ್ರಶ್ನೆಗಳಿದ್ದರೆ ಶನಿವಾರ ತನ್ನಿ, ಕೂತು ಬಿಡಿಸೋಣ. ಪರೀಕ್ಷೆ ಬರೆಯುವ ಎಲ್ಲರಿಗೂ ಶುಭವಾಗಲಿ.

ಸಿರಿಗನ್ನಡಂ ಗೆಲ್ಗೆ!